ಅಕ್ಕನನ್ನು ಕತ್ತಲೆಯಲ್ಲಿಟ್ಟ ತಿಂಗಳು

ವ್ಯಾನಿನ ಕಿಟಕಿಯ ಪರದೆ ಗಾಳಿಗೆ ಹಾರಿ ಇಳಿಬಿಸಿಲು ಅಕ್ಕನ ಮುಖದ ಮೇಲೆ ಬೀಳಬಹುದಿತ್ತು. ದಾರಿಯಲ್ಲಿ ಟೈರು ಪಂಕ್ಚರ್ ಆಗಿ, ಡ್ರೈವರು ಸ್ಟೆಪ್ನಿ ಹಾಕುವಷ್ಟರಲ್ಲಿ ಬೆಳಗಾಗಿಬಿಡಬಹುದಿತ್ತು. ಸ್ಟೆಪ್ನಿ ಹಾಕುವುದಕ್ಕೆ ಇಡೀ ರಾತ್ರಿ ಯಾಕೆ ಬೇಕು ಎಂದು ಕೇಳಬೇಡಿ, ನನ್ನ ಆತಂಕಗಳು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಎದುರಿಗೆ ಬಂದ ಕಬ್ಬಿನ ಲಾರಿಯವನು ಹೆಡ್‌ಲೈಟು ಇಳಿಸದೇ ಹೋಗಬಹುದಿತ್ತು. ಅಕ್ಕನ ಮನೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚು ಇದೆ ಎಂಬುದೇ ನನಗೆ ಮರೆತುಹೋಗಬಹುದಿತ್ತು. ನೋಡಲು ಬಂದವರಲ್ಲಿ ಯಾರಾದರೂ "ಬಾಯ್ ತಗಿ, ನೋಡವ" ಅಂತ ಟಾರ್ಚು ಬಿಡಬಹುದಿತ್ತು. ಮದುವೆ ಮನೆಯ ವಿಡಿಯೋದವನು ತನ್ನ ದೊಡ್ಡ ಲೈಟು ಹೊತ್ತುಕೊಂಡು ವಿಳಾಸ ತಪ್ಪಿ ನಮ್ಮ ಮನೆಗೇ ನುಗ್ಗಬಹುದಿತ್ತು. ಚುಚ್ಚಿದ ಔಷಧಿ ಡೂಪ್ಲಿಕೇಟ್ ಆಗಿರಬಹುದಿತ್ತು. ಲೇಸರ್ ಹಿಡಿದ ಡಾಕ್ಟರಿಗೆ ಸೀನು ಬಂದು ಬೆಳಕು ಹುಣ್ಣು ಬಿಟ್ಟು ಕಿರುನಾಲಿಗೆಗೆ ಬೀಳಬಹುದಿತ್ತು. ಎಲ್ಲ ನೆಟ್ಟಗೆ ನಡೆದೂ ಹುಣ್ಣು ಹುಣ್ಣಾಗಿಯೇ ಉಳಿದು, ನಾಲಿಗೆಯ ಒಂದು ಪಾಲು ಕತ್ತರಿಸಬೇಕಾಗಿ ಬಂದು, ಅಕ್ಕ ಮಾತು ಕಳೆದುಕೊಳ್ಳಬಹುದಿತ್ತು. ಇದನ್ನು ಕೊನೆಗೆ ಇಟ್ಟದ್ದು ಚಿಕ್ಕದು ಅಂತಲ್ಲ. ಇದೊಂದನ್ನು ಯೋಚಿಸದೇ ಇರುವುದಕ್ಕಾಗಿಯೇ ಉಳಿದವನ್ನೆಲ್ಲ ಅಷ್ಟು ವಿವರವಾಗಿ ಯೋಚಿಸುತ್ತಿದ್ದೆ.

ಇಷ್ಟು ಉದ್ದದ ಲೆಕ್ಕಾಚಾರದಲ್ಲಿ ಬೇವಿನ ಸೊಪ್ಪು ಮಾತ್ರ ಬಂದಿರಲಿಲ್ಲ.

ನಾನು ನಂಜನಗೂಡಿನಲ್ಲಿ ಹೈಸ್ಕೂಲು ಮೇಷ್ಟ್ರು, ವಿಜ್ಞಾನದವನು. ಅಕ್ಕ, ಭಾವ ಇದ್ದದ್ದು ತಿ. ನರಸೀಪುರದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯ ಒಂದು ಹೆಂಚಿನ ಮನೆ. ಮನೆಯ ಮುಂದಿನ ಜಗಲಿಯೇ ಇಡ್ಲಿ ಅಂಗಡಿ. ಭಾವ ರುಬ್ಬುವುದು, ನೀರು ಹೊರುವುದು, ಮಾತಾಡದೇ ಇರುವುದು. ಮಾತು ಪೂರ್ತಿ ಅಕ್ಕನ ಇಲಾಖೆ. ಮೈಸೂರು ಬಸ್ಸು ಹಿಡಿಯುವ ಗುಮಾಸ್ತರು, ಪಹಣಿ ತೆಗೆಸಲು ತಾಲ್ಲೂಕು ಕಚೇರಿಗೆ ಬಂದವರು, ತಲಕಾಡಿನ ಬಸ್ಸಿಗೆ ಕಾಯುವವರು, ಎಲ್ಲರೂ ಇಡ್ಲಿಯ ನೆಪದಲ್ಲಿ ಅಕ್ಕನ ಕೈಲಿ ಬೈಸಿಕೊಳ್ಳಲು ಬರುತ್ತಿದ್ದರು.

"ಇನ್ನೊಂದ್ ಸೊಲ್ಪ ಚಟ್ನಿ ಬುಡಕ್ಕ."

"ಬುಡ್ತೀನಿ. ಇಡ್ಲಿ ಮುಳುಗೋಯ್ತದೆ, ಈಜು ಬತ್ತದಾ ಅದ್ಕೆ ಕೇಳು."

ಬೆಳಗಿನ ವ್ಯಾಪಾರ ಮುಗಿದ ಮೇಲೆ ಎಲೆಅಡಿಕೆ, ಒಂದು ಚಿಟಿಕೆ ಕಡ್ಡಿಪುಡಿ. ಹೊಗೆಸೊಪ್ಪಿನ ಆ ಪುಡಿಯನ್ನು ದವಡೆಯ ಪಕ್ಕಕ್ಕೆ ಒತ್ತಿಟ್ಟುಕೊಂಡರೆ ಮಧ್ಯಾಹ್ನದವರೆಗೆ ಅವಳ ಇಂಜಿನ್ನು ಓಡುತ್ತಿತ್ತು.

ಇನ್ನು ನನ್ನ ಸ್ವಭಾವ. ನನಗೆ ವರ್ಷಕ್ಕೊಂದು ದೊಡ್ಡ ಕಾಯಿಲೆ ಬರುತ್ತದೆ, ಮನಸ್ಸಿನಲ್ಲಿ. ಎರಡು ಸಾವಿರ ಇಸವಿ ದಾಟಿದ ಮೇಲಿನ ಆ ವರ್ಷ ಬಾಯಿಯ ಸರದಿ. ಬೀಡಿ ಇಲ್ಲ, ಎಲೆಅಡಿಕೆ ಇಲ್ಲ, ಆದರೂ ದಿನಾ ಬೆಳಿಗ್ಗೆ ಬಚ್ಚಲುಮನೆಯ ಕನ್ನಡಿ ಮುಂದೆ ಟಾರ್ಚು ಹಿಡಿದು ಬಾಯಿ ತೆರೆದು ನಿಲ್ಲುತ್ತಿದ್ದೆ. ಹೆಂಡತಿ ಹೊರಗಿನಿಂದ, "ಸಿಕ್ತಾ? ಸಿಕ್ಕಿದ್ರೆ ಬೇಗ ಬನ್ನಿ, ಉಪ್ಪಿಟ್ಟು ಆರಿಹೋಗ್ತಿದೆ" ಎನ್ನುತ್ತಿದ್ದಳು.

ಹಬ್ಬಕ್ಕೆ ನಂಜನಗೂಡಿಗೆ ಬಂದ ಅಕ್ಕ ಬಸ್ಸಾರು ಮುದ್ದೆಯನ್ನು ಒಂದೇ ಪಕ್ಕಕ್ಕೆ ಹಾಕಿಕೊಂಡು ನುಂಗುತ್ತಿದ್ದಳು. ಯಾಕೆ ಎಂದೆ.

"ನಾಲ್ಗೆ ಅಂಚ್ನಲ್ಲಿ ಒಂದು ಹುಣ್ಣು ಕಣ್ಲಾ. ಕಾರ ತಾಕುದ್ರೆ ಉರೀತದೆ. ಓಯ್ತದೆ ಬುಡು."

"ಯಾವಾಗಿಂದ?"

"ಯುಗಾದಿಗೂ ಇತ್ತು."

ಯುಗಾದಿ ಕಳೆದು ಗೌರಿ ಹಬ್ಬ ಬಂದಿತ್ತು. ಟಾರ್ಚು ಹೇಗೂ ಕೈಗೆ ಸಿಗುವಲ್ಲೇ ಇತ್ತು. ನನ್ನ ಬಾಯಲ್ಲಿ ತಿಂಗಳುಗಟ್ಟಲೆ ಹುಡುಕಿಯೂ ಸಿಗದೇ ಇದ್ದದ್ದು ಅಕ್ಕನ ಬಾಯಲ್ಲಿ ಒಂದೇ ಸಲಕ್ಕೆ ಸಿಕ್ಕಿತು. ಬೆಳ್ಳಗೆ, ಸುತ್ತ ಕೆಂಪಗೆ, ಹುರುಳಿಕಾಳಿಗಿಂತ ಕೊಂಚ ದೊಡ್ಡದು.

ಚೂರು ತೆಗೆದು ಪರೀಕ್ಷೆ ಮಾಡಿಸಿದ್ದಾಯಿತು. ಬಂದ ಹೆಸರನ್ನು ನಮ್ಮ ಮನೆಗಳಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. 'ಅದು' ಎಂದರೆ ಸಾಕಾಗಿತ್ತು. ದೂರದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಸರ್ಜನ್ನು ಒಂದು ಹಾಳೆಯ ಮೇಲೆ ನಾಲಿಗೆಯ ಚಿತ್ರ ಬರೆದು, ಅದರ ಒಂದು ಬದಿಯನ್ನು ಪೆನ್ನಿನಿಂದ ಗೀಚಿ, ಇಷ್ಟು ತೆಗೆಯಬೇಕಾಗಬಹುದು ಎಂದರು. ಮಾತು ಬರುತ್ತದೆಯೇ ಎಂದು ಕೇಳಿದೆ. "ಬರುತ್ತೆ. ಮೊದಲಿನ ಹಾಗಲ್ಲ."

ಅಕ್ಕ ಮೆಟ್ಟಿಲು ಇಳಿದು, ಕ್ಯಾಂಟೀನು ದಾಟಿ, ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂರುವವರೆಗೂ ಒಂದು ಮಾತೂ ಆಡಲಿಲ್ಲ. ಅಕ್ಕ ಸುಮ್ಮನಿರುವುದನ್ನು ನಾನು ನೋಡಿದ್ದು ಅದೇ ಮೊದಲು. ಮುಂದೆ ಇವಳು ಹೀಗೇ ಇರುತ್ತಾಳೆ ಎಂದುಕೊಂಡು ಎದ್ದು ಹೋಗಿ ಅವಳಿಗೊಂದು ಕಾಫಿ ತಂದೆ.

ಅದೇ ಆಸ್ಪತ್ರೆಯಲ್ಲಿ ಇನ್ನೊಂದು ವಿಭಾಗದಲ್ಲಿ ಬೆಳಕಿನ ಚಿಕಿತ್ಸೆಯ ಪ್ರಯೋಗ ನಡೆಯುತ್ತಿತ್ತು. ಹುಣ್ಣು ಮೇಲುಮೇಲಕ್ಕಿದೆ, ಚಿಕ್ಕದಿದೆ, ಮೊದಲು ಅಲ್ಲಿ ನೋಡಿ, ಆಗದಿದ್ದರೆ ಕತ್ತರಿ ಇದ್ದೇ ಇದೆ ಎಂದು ಸರ್ಜನ್ನೇ ಕಳಿಸಿದರು. ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನಮ್ಮ ಶಾಲೆಯ ಹುಡುಗಿಯರ ಹಾಗೆ ಎರಡು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡಿದ್ದರು. ಅಕ್ಕ ಅವರ ಮುಂದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕುಳಿತಿದ್ದಳು. "ಎಲೆಅಡ್ಕೆ ಬಾಯಿ ಕಣವ್ವ, ವಾಸ್ನೆ ಬತ್ತದೆ" ಎಂದು ಸೆರಗಿನೊಳಗಿಂದಲೇ ಹೇಳಿದಳು. ಊರಿಗೆಲ್ಲ ಎದುರುತ್ತರ ಕೊಡುವವಳು ತನ್ನ ಬಾಯಿಗೆ ತಾನೇ ನಾಚಿಕೊಂಡು ಕುಳಿತದ್ದನ್ನು ನೋಡಲಾರದೆ ನಾನು ಗೋಡೆಯ ಕ್ಯಾಲೆಂಡರು ಓದಿದೆ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ರಕ್ತನಾಳಕ್ಕೆ ಒಂದು ಔಷಧಿ ಚುಚ್ಚುತ್ತಾರೆ. ಅದು ಮೈಯೆಲ್ಲ ಹರಡುತ್ತದೆ, ಹುಣ್ಣಿನಲ್ಲಿ ಹೆಚ್ಚಾಗಿ ನಿಲ್ಲುತ್ತದೆ. ತಾನಾಗಿ ಏನೂ ಮಾಡುವುದಿಲ್ಲ. ಬೆಳಕು ಬಿದ್ದರೆ ಎಚ್ಚರವಾಗುತ್ತದೆ, ಎಚ್ಚರವಾದ ಕಡೆ ಸುತ್ತಲಿನ ಜೀವಕೋಶವನ್ನು ಕೊಲ್ಲುತ್ತದೆ. ಎರಡು ದಿನ ಬಿಟ್ಟು ಹುಣ್ಣಿಗೆ ಮಾತ್ರ ಕೆಂಪು ಲೇಸರ್ ಬೆಳಕು ಹಿಡಿಯುತ್ತಾರೆ. ತೊಂದರೆ ಏನೆಂದರೆ ಚರ್ಮದಲ್ಲೂ ಔಷಧಿ ಒಂದು ತಿಂಗಳಷ್ಟು ಉಳಿಯುತ್ತದೆ. ಅಷ್ಟು ದಿನ ಬಿಸಿಲು ಬಿದ್ದರೆ ಮೈ ಸುಡುತ್ತದೆ.

"ಅಂದ್ರೆ ಮೈಯೆಲ್ಲಾ ಪಟಾಕಿ ಮದ್ದು ತುಂಬಿ ಕಳುಸ್ತೀರಿ, ಕಡ್ಡಿ ಗೀರ್ಬಾರ್ದು ಅಷ್ಟೇಯ" ಎಂದಳು ಅಕ್ಕ. ಸೆರಗು ಆಗ ಬಾಯಿಂದ ಇಳಿದಿತ್ತು.

ಡಾಕ್ಟರಮ್ಮ ನಕ್ಕರು. ನಾನು ವಿಜ್ಞಾನದ ಮೇಷ್ಟ್ರು ಎಂದು ಗೊತ್ತಾದ ಮೇಲೆ ಅವರಿಗೂ ಉತ್ಸಾಹ ಬಂತು. ಒಳಗಿನಿಂದ ಒಂದು ಪುಟ್ಟ ಗಾಜಿನ ಬಾಟಲಿ ತಂದು ಕಿಟಕಿಯ ಬೆಳಕಿಗೆ ಹಿಡಿದರು. ದಾಳಿಂಬೆ ರಸದ ಬಣ್ಣದ ನೀರು.

"ಏನಿದು ಹೇಳಿ ಸರ್."

ನಾನು ಬಾಟಲಿಗೆ ಚೀಟಿ ಅಂಟಿಸಿದ್ದಾರೆಯೇ ಎಂದು ಬಗ್ಗಿ ನೋಡಿದೆ. ಅಂಟಿಸಿರಲಿಲ್ಲ.

"ಚಿನ್ನ. ಕೂದಲಿನ ದಪ್ಪವನ್ನು ಸಾವಿರ ಸೀಳು ಮಾಡಿದರೆ ಎಷ್ಟೋ ಅಷ್ಟು ಸಣ್ಣ ಕಣಗಳು. ಇಷ್ಟು ಸಣ್ಣ ಆದರೆ ಚಿನ್ನ ಹಳದಿ ಇರಲ್ಲ, ಕೆಂಪಾಗುತ್ತೆ. ನ್ಯಾನೋ ಕಣ ಅಂತೀವಿ." ಇಂಥ ಕಣಗಳಿಗೆ ಮೈಯೊಳಗಿನ ಕೆಟ್ಟ ಗಂಟನ್ನು ಗುರುತು ಹಿಡಿದು ಅದಕ್ಕೇ ಅಂಟಿಕೊಳ್ಳಲು ಕಲಿಸುತ್ತಿದ್ದಾರಂತೆ. ಅಂಟಿಕೊಂಡ ಮೇಲೆ ಚಿತ್ರ ತೆಗೆದರೆ ಗಂಟು ಎಲ್ಲೆಲ್ಲಿದೆ ಎಂದು ಕಾಣುತ್ತದಂತೆ. ತಕ್ಕ ಬೆಳಕು ಹಾಯಿಸಿದರೆ ಕಣ ಕಾದು ಗಂಟಷ್ಟನ್ನೇ ಸುಡುತ್ತದಂತೆ, ಇಲ್ಲವೇ ಔಷಧಿಯನ್ನು ಹೊತ್ತು ಅಲ್ಲಿಗೇ ಇಳಿಸುತ್ತದಂತೆ. ಆಗ ಯಾರೂ ಬಿಸಿಲಿಗೆ ಹೆದರಬೇಕಾಗಿಲ್ಲ. "ಸದ್ಯಕ್ಕೆ ಇಲಿಗಳಲ್ಲಿ ನೋಡ್ತಿದ್ದೀವಿ. ನಿಮ್ಮ ಅಕ್ಕನ ಕಾಲಕ್ಕೆ ಆಗಲ್ಲ."

"ಇಲಿಗೆ ಚಿನ್ನ, ನಂಗೆ ಕತ್ಲೆ" ಎಂದಳು ಅಕ್ಕ. ಹೊರಗೆ ಬಂದ ಮೇಲೆ ನನ್ನನ್ನು ತಿವಿದು, "ಓಲೆ ಕರಗ್ಸಿ ಕೊಟ್ರೆ ಆಯ್ತದಾ ಒಂದ್ ಮಾತು ಕೇಳ್ಬಾರ್ದಾಗಿತ್ತಾ?" ಅಂದಳು.

ಲೇಸರ್ ಹಿಡಿಯುವ ದಿನ ಮೊದಲು ಒಂದು ನೀಲಿ ಬೆಳಕು ಹಾಯಿಸಿ ಹುಣ್ಣಿನ ಎಲ್ಲೆ ನೋಡಿದರು. ಕಪ್ಪು ಕನ್ನಡಕ ಹಾಕಿಸಿ ನನಗೂ ತೋರಿಸಿದರು. ಕೋಣೆ ಕತ್ತಲು, ಅಕ್ಕನ ನಾಲಿಗೆ ನೀಲಿ, ಅದರ ಅಂಚಿನಲ್ಲಿ ಹುರುಳಿಕಾಳಿನಷ್ಟು ಜಾಗ ಮಾತ್ರ ಒಲೆಯಲ್ಲಿ ಉಳಿದ ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಅಷ್ಟು ಕೆಟ್ಟದ್ದು ಅಷ್ಟು ಚೆನ್ನಾಗಿ ಕಾಣಬಾರದಿತ್ತು. ಆಮೇಲೆ ತೆಳ್ಳನೆಯ ದಾರದಂಥ ಕೊಳವೆಯ ತುದಿಯಿಂದ ಕೆಂಪು ಬೆಳಕು ಹಿಡಿದರು. ಡಾಕ್ಟರಿಗೆ ಸೀನು ಬರಲಿಲ್ಲ. ನನಗೆ ಬಂತು. ಬಾಗಿಲಾಚೆ ಹೋಗಿ ಸೀನಿ ಬಂದೆ.

ಕಳಿಸಿಕೊಡುವಾಗ ಡಾಕ್ಟರಮ್ಮ ಎರಡೆರಡು ಸಲ ಹೇಳಿದ ಮಾತು ನನಗೆ ಈಗಲೂ ಅವರ ದನಿಯಲ್ಲೇ ಕೇಳಿಸುತ್ತದೆ. "ಬಿಸಿಲು ಬೇಡ, ಜೋರು ದೀಪ ಬೇಡ. ಆದರೆ ಪೂರ್ತಿ ಕತ್ತಲೆ ಮಾಡಬೇಡಿ. ಮನೆಯೊಳಗಿನ ಸಾಧಾರಣ ಬೆಳಕು ಇರಲಿ. ಆ ಬೆಳಕಿಗೇ ಚರ್ಮದ ಔಷಧಿ ದಿನಾ ಸ್ವಲ್ಪ ಸ್ವಲ್ಪ ಸವೆದುಹೋಗುತ್ತೆ."

ನಾನು ಇದನ್ನು ಪೂರ್ತಿ ಕೇಳಿಸಿಕೊಂಡೆ. ಆಮೇಲೆ ಯೋಚಿಸಿದೆ. ಸಾಧಾರಣ ಬೆಳಕು ಎಂದರೆ ಎಷ್ಟು? ಅಳೆಯುವವರು ಯಾರು? ಕತ್ತಲೆಯಾದರೆ ಅಳೆಯುವ ಕೆಲಸವಿಲ್ಲ. ಹೀಗೆ ನಾನು ಡಾಕ್ಟರಿಗಿಂತ ಒಂದು ಕೈ ಹೆಚ್ಚು ಎಚ್ಚರಿಕೆ ವಹಿಸಿದೆ.

ಹೊತ್ತು ಇಳಿದ ಮೇಲೆ ಹೊರಟೆವು. ಅಕ್ಕನಿಗೆ ನನ್ನ ರೇನ್‌ಕೋಟು, ಕೈಗೆ ಭಾವನ ಕಾಲುಚೀಲ, ತಲೆಗೆ ಮಂಕಿ ಟೋಪಿ, ಅದರ ಮೇಲೆ ಕಪ್ಪು ಕನ್ನಡಕ. ಮಳೆ ಇರಲಿಲ್ಲ, ಚಳಿ ಇರಲಿಲ್ಲ, ಕೊನೆಕೊನೆಗೆ ಬಿಸಿಲೂ ಇರಲಿಲ್ಲ. ದಾರಿಯಲ್ಲಿ ಟೀ ಅಂಗಡಿಯವನು ವ್ಯಾನಿನೊಳಗೆ ಬಗ್ಗಿ ನೋಡಿ, "ಯಾರ್ ಸಾ, ಒಳ್ಗಡೆ?" ಎಂದ. ನಾನು "ಯಾರೂ ಇಲ್ಲ" ಎಂದೆ. ಒಳಗೆ ಬಳೆಗಳು ಜೋರಾಗಿ ಸದ್ದು ಮಾಡಿದವು.

ಬಳೆಯ ಸಂಗತಿ ಹೇಳಬೇಕು. ಲೇಸರ್ ಆದ ಮೇಲೆ ನಾಲಿಗೆ ಊದಿಕೊಂಡು ಬಾಯಿ ತುಂಬಿತ್ತು. ಗಂಜಿ ಇಳಿಯುವುದೇ ಕಷ್ಟ, ಮಾತಂತೂ ಇಲ್ಲ. ಊತ ಇಳಿಯುತ್ತದೆ ಎಂದಿದ್ದರು, ಇಳಿಯದಿದ್ದರೆ ಎಂಬುದು ನನ್ನ ಪಾಲಿನ ಕೆಲಸವಾಗಿತ್ತು. ಆ ದಿನಗಳಲ್ಲಿ ಅಕ್ಕ ಮಾತಾಡಿದ್ದೆಲ್ಲ ಕೈಬಳೆಯಲ್ಲಿ. ಹಸಿರು ಗಾಜಿನ ಬಳೆ. ಮೆಲ್ಲಗೆ ಒಂದು ಸಲ ಆಡಿಸಿದರೆ ನೀರು. ಎರಡು ಸಲ ಆಡಿಸಿದರೆ ಭಾವ ಬರಬೇಕು. ಬಿಡದೆ ಗಲಗಲ ಆಡಿಸಿದರೆ ನನಗೆ ಬೈಗುಳ.

ನರಸೀಪುರದ ಮನೆಯಲ್ಲಿ ಮಾರನೆಯ ಬೆಳಿಗ್ಗೆ ನಾನು ಕೋಣೆಯ ಕಿಟಕಿಗೆ ಹೊರಗಡೆಯಿಂದ ಕಂಬಳಿ ಹೊಡೆಯುತ್ತಿದ್ದೆ. ಒಳಗೆ ಆಗಲೇ ಬಲ್ಬು ತೆಗೆದು ಜೀರೋ ಬಲ್ಬು ಹಾಕಿದ್ದೆ, ಗಾಜಿನ ಹೆಂಚಿಗೆ ಗೋಣಿಚೀಲ ಮುಚ್ಚಿದ್ದೆ. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದೆ. ಎದುರುಮನೆಯ ಅವ್ವ ತನ್ನ ಜಗಲಿಯಿಂದಲೇ ಕೇಳಿತು. ಆ ಬೀದಿಯ ಹೆರಿಗೆ, ಸಾವು, ಜಗಳ ಯಾವುದೂ ಅವ್ವನ ಅಪ್ಪಣೆಯಿಲ್ಲದೆ ಆಗುತ್ತಿರಲಿಲ್ಲ.

"ಏನ್ ಮೇಷ್ಟ್ರೇ, ಕಿಟ್ಕಿಗೆಲ್ಲಾ ಕಂಬ್ಳಿ ಒಡೀತಿದ್ದೀರಿ? ಅಂಗ್ಡಿನೂ ತಗ್ದಿಲ್ಲ. ಒಳಗ್ ಯಾರ್ಗೆ ಏನು?"

ನಾನು ಮೊಳೆ ತೋರಿಸಿದೆ.

"ನಿಮ್ಮಕ್ಕಂಗಾ? ಕತ್ಲೆ ಕ್ವಾಣೆ, ಗಂಜಿ ವಾಸ್ನೆ, ಅವ್ಳ ಮಾತಿಲ್ಲ ಕತೆಯಿಲ್ಲ." ಅವ್ವ ದನಿ ತಗ್ಗಿಸಿತು. "ಸೀತಾಳೆ ಎದ್ದದಾ? ಅಮ್ಮ ಬಂದವ್ಳಾ ಮನ್ಗೆ?"

ನಮ್ಮ ಕಡೆ ಸೀತಾಳೆ ಸಿಡುಬು ಎದ್ದರೆ ಕಾಯಿಲೆ ಅನ್ನುವುದಿಲ್ಲ, ದೇವತೆ ಮನೆಗೆ ಬಂದಿದ್ದಾಳೆ ಅನ್ನುತ್ತಾರೆ. ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಹೊರಗಿನವರು ಒಳಗೆ ಕಾಲಿಡುವುದಿಲ್ಲ. ಇದು ದೇವತೆಯಲ್ಲ, ವೈರಸ್ಸು ಎಂದು ನಾನು ಎಂಟನೇ ಕ್ಲಾಸಿಗೆ ವರ್ಷ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡುತ್ತೇನೆ.

ನಾನು ತಲೆಯಾಡಿಸಿದೆ.

ಮೊಳೆ ತೆಗೆದು ಅಲ್ಲ ಎನ್ನಬಹುದಿತ್ತು. ಆದರೆ ಅಲ್ಲ ಎಂದ ಮೇಲೆ ಮತ್ತೇನು ಎಂದು ಹೇಳಬೇಕಿತ್ತು. 'ಅದು' ಬಂದವಳ ಕೈಯಿಂದ ಯಾರು ಇಡ್ಲಿ ತಿನ್ನುತ್ತಾರೆ ಎಂಬ ಭಯ ನನಗೆ. ಅಂಟುವ ಕಾಯಿಲೆಯಲ್ಲ ಎಂದು ನನಗೆ ಗೊತ್ತು, ಬಸ್‌ಸ್ಟ್ಯಾಂಡಿಗೆ ಗೊತ್ತಿರಬೇಕಲ್ಲ. ಇನ್ನೂ ಒಳಗಿನ ಮಾತು ಹೇಳುವುದಾದರೆ, ನಂಜನಗೂಡಿನ ಸ್ಟಾಫ್ ರೂಮಿನಲ್ಲಿ ಜನ ನನ್ನ ಬಾಯಿಯನ್ನೇ ನೋಡತೊಡಗುತ್ತಾರೆ ಎಂಬ ಭಯವೂ ಇತ್ತು. ಹೇಳು ಎಂದು ಅಕ್ಕ ಅಂದಿರಲಿಲ್ಲ, ಹೇಳಬೇಡ ಎಂದೂ ಅಂದಿರಲಿಲ್ಲ. ಅವಳನ್ನು ನಾನು ಕೇಳಿಯೇ ಇರಲಿಲ್ಲ. ನಿಜವಾಗಿಯೂ ಅಂಟುವ ಕಾಯಿಲೆಗೆ ಕೈಮುಗಿಯುವ, ಅಂಟದ ಕಾಯಿಲೆಗೆ ಮುಖ ತಿರುಗಿಸುವ ಲೋಕದಲ್ಲಿ ನಾನು, ವಿಜ್ಞಾನದ ಮೇಷ್ಟ್ರು, ಕೈಮುಗಿಸಿಕೊಳ್ಳುವುದನ್ನು ಆರಿಸಿಕೊಂಡೆ.

ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿದೆ ಎಂದಿದ್ದರೆ ಕತ್ತಲೆ ಕೋಣೆ, ಕಪ್ಪು ಕನ್ನಡಕ ಎಲ್ಲಕ್ಕೂ ಸರಿಹೋಗುತ್ತಿತ್ತು. ಇದು ನನಗೆ ಹೊಳೆದದ್ದು ಎರಡು ವರ್ಷ ಬಿಟ್ಟು, ಚಿಕ್ಕಯ್ಯನಛತ್ರದ ಬಸ್ಸಿನಲ್ಲಿ.

ಮಧ್ಯಾಹ್ನದ ಹೊತ್ತಿಗೆ ಬಾಗಿಲಿಗೆ ಬೇವು ಬಂದಿತ್ತು, ಅವ್ವನೇ ಕಟ್ಟಿದ್ದು. ಜೊತೆಗೆ ಕಟ್ಟಳೆಗಳೂ ಬಂದವು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಚಟಪಟ ಅನ್ನಬಾರದು. ಒಲೆಯ ಮೇಲೆ ಎಣ್ಣೆ ಇಡಬಾರದು. ವ್ಯಾಪಾರವಂತೂ ಕೂಡದು. ಭಾವ ಒಬ್ಬನೇ ಹೇಗೋ ಅಂಗಡಿ ನಡೆಸುತ್ತೇನೆ ಎಂದುಕೊಂಡಿದ್ದ. ಅಂಗಡಿ ಉಳಿಸಲು ನಾನು ಆಡಿದ ಸುಳ್ಳು ಮೊಟ್ಟಮೊದಲು ಮುಚ್ಚಿಸಿದ್ದು ಅಂಗಡಿಯನ್ನೇ.

ಭಾವ ಜಾಸ್ತಿ ಮಾತಿನವನಲ್ಲ ಎಂದೆನಲ್ಲ. ಅಮ್ಮನಿಗೆ ತಂಪು ಎಂದು ಬೀದಿಯವರು ಕಳಿಸುತ್ತಿದ್ದ ಮೊಸರನ್ನ ಮೂರನೇ ದಿನವೂ ಬಂದಾಗ ತಟ್ಟೆ ನೋಡುತ್ತಾ, "ಮೇಷ್ಟ್ರೇ, ನಿಮ್ ವೈರಸ್ಸು ಯಾವತ್ತು ಊರ್ಗೆ ಓಯ್ತದೆ?" ಎಂದ. ಕೋಣೆಯೊಳಗಿಂದ ಬಳೆಗಳು ಗಲಗಲ ನಕ್ಕವು. ಅಕ್ಕ ಹೆಚ್ಚುಕಡಿಮೆ ಏನೂ ಕಾಣದ ಆ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿರುತ್ತಿದ್ದಳು. ಬಾಗಿಲು ಒಂದಿಷ್ಟು ತೆರೆದಿಡು ಎಂದು ಕೈಸನ್ನೆ ಮಾಡುತ್ತಿದ್ದಳು. ನಾನು ಇನ್ನಷ್ಟು ಮುಚ್ಚಿ ಬರುತ್ತಿದ್ದೆ. ಕರೆಂಟು ಹೋದರೆ ನನಗೆ ಸಮಾಧಾನ. ಇಡೀ ತಾಲ್ಲೂಕಿನಲ್ಲಿ ಲೋಡ್‌ಶೆಡ್ಡಿಂಗಿಗೆ ಸಂತೋಷಪಟ್ಟವನು ನಾನೊಬ್ಬನೇ ಇರಬೇಕು.

ಹೀಗೆ ವಾರದ ಮೇಲಾಯಿತು. ಊತ ಇಳಿಯುತ್ತಿತ್ತು, ಮಾತು ಇನ್ನೂ ಬಂದಿರಲಿಲ್ಲ. ನಾನು ರಜೆಗೆ ರಜೆ ಸೇರಿಸಿ ಅಲ್ಲೇ ಇದ್ದೆ. ಆ ಶುಕ್ರವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವ್ವ ಒಂದು ಹಿತ್ತಾಳೆ ತಟ್ಟೆಯಲ್ಲಿ ಅರಿಶಿನದ ನೂಲು, ಬೇವಿನ ಎಸಳು, ಕುಂಕುಮ ಇಟ್ಟುಕೊಂಡು ಬಂದಿತು. ಹಿಂದೆ ಬೀದಿಯ ಇನ್ನಿಬ್ಬರು ಹೆಂಗಸರು.

"ಇಷ್ಟೊತ್ಗೆ ಅಮ್ಮ ಇಳ್ದು, ಮೈಗೆ ನೀರಾಕ್ಬೇಕಾಗಿತ್ತು. ಇನ್ನೂ ಕುಂತವ್ಳೆ ಅಂದ್ರೆ ಏನೋ ಮುನಿಸ್ಕಂಡವ್ಳೆ. ನೂಲು ಕಟ್ತೀನಿ. ಕರೀರಿ ನಿಮ್ಮಕ್ಕನ್ನ."

"ಆಚೆ ಬರೋ ಹಾಗಿಲ್ಲ ಅವ್ವಾ."

"ಆಚೆ ಯಾಕ್ ಬತ್ತಳೆ? ಅಮ್ಮ ಇರೋ ಮನ್ಗೆ ನಾನೂ ಬರ್ಬಾರ್ದು, ಅವ್ಳೂ ಒಸ್ಲು ದಾಟ್ಬಾರ್ದು. ಕೈ ಕೊಟ್ರೆ ಸಾಕು."

ಅದು ಎಷ್ಟು ಸರಳವಾಗಿ ಕೇಳಿಸಿತೆಂದರೆ ನಾನು ಹೋಗಿ ಅಕ್ಕನನ್ನು ಎಬ್ಬಿಸಿಕೊಂಡು ಬಂದೆ. ಮಂಕಿ ಟೋಪಿ, ರೇನ್‌ಕೋಟು, ಕನ್ನಡಕ. ಬಾಗಿಲ ಹಿಂದೆ ಕತ್ತಲಲ್ಲಿ ನಿಲ್ಲಿಸಿದೆ. ಮನೆಯ ಬಾಗಿಲು ಮೂಡಲಿಗೆ. ಬಿಸಿಲು ಹೊಸಿಲಿನವರೆಗೆ ಬಂದು, ಗೆರೆ ಹೊಡೆದ ಹಾಗೆ ನಿಂತಿತ್ತು.

"ಎಡಗೈ ಕೊಡವ್ವ. ಆ ಚೀಲ ತಗಿ."

ಅಕ್ಕ ಕಾಲುಚೀಲ ತೆಗೆದು, ರೇನ್‌ಕೋಟಿನ ತೋಳು ಮೇಲಕ್ಕೆಳೆದು, ಹೊಸಿಲಾಚೆ ಕೈ ಚಾಚಿದಳು.

ಒಂದು ಗಂಟು ಹಾಕಿ ಬಿಡುತ್ತಾರೆ ಎಂದು ನಾನಂದುಕೊಂಡಿದ್ದೆ. ಅವ್ವನ ಕಣ್ಣು ಮಂಜು. ನೂಲು ಮೊದಲು ಬಳೆಗಳ ನಡುವೆ ಸಿಕ್ಕಿಕೊಂಡಿತು. ಬಿಡಿಸಿ, ಕೈ ತಿರುವಿ ನೋಡಿ, "ಒಂದೂ ಎದ್ದಿಲ್ವಲ್ಲ ಮ್ಯಾಲೆ, ಒಳಗೇ ಕುಂತವ್ಳೆ, ಅದ್ಕೇಯ" ಎಂದಿತು. ಆಮೇಲೆ ಗಂಟು. ಒಂದು ಗಂಟಿಗೆ ಒಂದು ಬೇಡಿಕೆ. ಈ ಮನೆ ಬಿಟ್ಟು ತಣ್ಣಗೆ ಹೋಗವ್ವ ಎಂದು ಒಂದು. ಬೀದಿ ಮಕ್ಕಳನ್ನು ಮುಟ್ಟಬೇಡ ಎಂದು ಇನ್ನೊಂದು. ಹಿಂದಿನ ಹೆಂಗಸು "ನಮ್ ಎಮ್ಮೇದೂ ಒಂದು ಏಳವ್ವ" ಎಂದಳು, ಎಮ್ಮೆಗೊಂದು.

ಬಳೆ ಒಂದು ಸಲ ಆಡಿತು. ನಾನು ನೋಡಿದೆ. ಕನ್ನಡಕದ ಹಿಂದೆ ಅಕ್ಕನ ಕಣ್ಣು ಕಾಣುತ್ತಿರಲಿಲ್ಲ, ಮುಖ ಮಾತ್ರ ನನ್ನ ಕಡೆ ತಿರುಗಿತ್ತು. ಕೈಯ ಮೇಲೆ ಬಿಸಿಲು ಚೊಕ್ಕವಾಗಿ ಬಿದ್ದಿತ್ತು. ಬಳೆ ಮತ್ತೆ ಆಡಿತು, ಈ ಸಲ ಬಿಡದೆ.

"ನೋಡು, ಅಮ್ಮ ಆಡುಸ್ತಾವ್ಳೆ" ಎಂದಿತು ಅವ್ವ, ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು.

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವ್ವಾ, ಕೈ ಬಿಡಿ, ಇದು ಸೀತಾಳೆ ಅಲ್ಲ. ಆ ಮಾತು ನನ್ನ ಗಂಟಲವರೆಗೂ ಬಂದಿತ್ತು. ಅದರ ಹಿಂದೆಯೇ ಮತ್ತೇನು ಎಂಬ ಪ್ರಶ್ನೆ, ಅದರ ಹಿಂದೆ ಇಡ್ಲಿ, ಬಸ್‌ಸ್ಟ್ಯಾಂಡು, ಸ್ಟಾಫ್ ರೂಮು, ಬೋರ್ಡಿನ ಮೇಲೆ ನಾನು ಬರೆದ ವೈರಸ್ಸಿನ ಚಿತ್ರ. ಮೂವರು ಹೆಂಗಸರ ಮುಂದೆ, ವಾರದಿಂದ ಅವರ ಮೊಸರನ್ನ ತಿಂದವನು, ಬಾಯಿ ಬಿಡಲಾಗಲಿಲ್ಲ. ನಾಲಿಗೆ ಊದಿಕೊಂಡಿದ್ದದ್ದು ಅಕ್ಕನಿಗೆ. ನನ್ನ ನಾಲಿಗೆ ಚೆನ್ನಾಗಿಯೇ ಇತ್ತು. ನಾನು ಬಾಗಿಲಿನ ಬೇವು ನೋಡುತ್ತಾ ನಿಂತೆ. ಒಣಗಿತ್ತು, ಬದಲಾಯಿಸಬೇಕು ಎಂದುಕೊಂಡೆ.

ಹಿತ್ತಿಲಲ್ಲಿ ನೀರು ಸೇದುತ್ತಿದ್ದ ಭಾವ ಬಳೆಯ ಸದ್ದು ಕೇಳಿ ಬಂದ. ಬಂದವನು ಹೆಂಡತಿಯ ಕೈ ನೋಡಿದ, ನನ್ನನ್ನು ನೋಡಿದ. "ಆಯ್ತು ಬುಡವ್ವ, ನಿಂತ್ಕಳಕ್ ಆಗ್ತಿಲ್ಲ ಅವ್ಳಿಗೆ" ಎಂದು ಅಕ್ಕನ ಹೆಗಲು ಹಿಡಿದು ಒಳಗೆ ಕರೆದುಕೊಂಡು ಹೋದ. ಅಷ್ಟೇ ಸಾಕಾಗಿತ್ತು. ಅದಕ್ಕೆ ಯಾವ ಕಾಯಿಲೆಯ ಹೆಸರೂ ಬೇಕಾಗಿರಲಿಲ್ಲ.

ಸಂಜೆಗೆ ಕೈ ಕೆಂಪಾಗಿ ಊದಿತು. ಮಾರನೆಯ ದಿನ ನೀರುಗುಳ್ಳೆ ಎದ್ದವು. ಬಳೆ ಕಚ್ಚಿಕೊಳ್ಳುವ ಮೊದಲು ಭಾವ ಸೋಪು ಸವರಿ ಒಂದೊಂದನ್ನೇ ಜಾರಿಸಿ ತೆಗೆದ. ಅಕ್ಕನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಸದ್ದಿಲ್ಲ. ಎಡಗೈ ಬರಿದಾದ ಮೇಲೆ ಬಲಗೈ ಬಳೆಯಲ್ಲಿ ನೀರು ಕೇಳಿದಳು, ಭಾವನನ್ನು ಕರೆದಳು. ನನಗೆ ಬೈಯಲಿಲ್ಲ.

ನಾನು ಎಸ್‌ಟಿಡಿ ಬೂತಿಗೆ ಹೋಗಿ ಆಸ್ಪತ್ರೆಗೆ ಫೋನು ಮಾಡಿ, ಡಾಕ್ಟರಮ್ಮ ಸಿಗದೆ, ಎತ್ತಿಕೊಂಡ ನರ್ಸು ಹೇಳಿದ ಮುಲಾಮು ತಂದೆ. ಕಂಬಳಿಗಳನ್ನೂ ನಾನೇ ಇಳಿಸಿದೆ. ಬೇರೆ ಮಾಡುವುದಕ್ಕೆ ನನಗೇನೂ ಉಳಿದಿರಲಿಲ್ಲ.

ಮಾತು ಬಂದದ್ದು ಅದಾಗಿ ಕೆಲವು ದಿನಕ್ಕೆ, ಊಟದ ಹೊತ್ತಿನಲ್ಲಿ. ನಾನು ಅನ್ನ ಕಲಸಿ ಕೊಟ್ಟ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬಾಯಲ್ಲಿ ಬಟ್ಟೆ ತುರುಕಿದ ಹಾಗಿನ ದನಿಯಲ್ಲಿ, ಆದರೆ ಯಾರಿಗೂ ಅರ್ಥವಾಗುವ ಹಾಗೆ, "ಒಗ್ರಣೆ ಆಕ್ರಲಾ ಇದ್ಕೆ" ಎಂದಳು. ಭಾವ ಆ ಕ್ಷಣವೇ ಎಣ್ಣೆ ಇಟ್ಟ. ಸಾಸಿವೆ ಸಿಡಿದದ್ದು ಎದುರುಮನೆಯವರೆಗೂ ಕೇಳಿಸಿರಬೇಕು.

ತಿಂಗಳು ಕಳೆದು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ನೀಲಿ ಬೆಳಕು ಬಿಟ್ಟು ನೋಡಿದರು. ಕೆಂಡದ ಚುಕ್ಕೆ ಇರಲಿಲ್ಲ. ಚೂರು ತೆಗೆದು ನೋಡಿದರು, ಅದರಲ್ಲೂ ಏನೂ ಸಿಗಲಿಲ್ಲ. ಕತ್ತರಿಯ ಮಾತು ಹೋಯಿತು. ಕಡ್ಡಿಪುಡಿ ಮುಟ್ಟಬಾರದು, ಮೇಲಿಂದ ಮೇಲೆ ತೋರಿಸುತ್ತಿರಬೇಕು ಎಂದು ಹೇಳುತ್ತಾ ಅಕ್ಕನ ಎಡಗೈ ಹಿಡಿದು ತಿರುಗಿಸಿದರು.

"ಇದೇನಿದು? ಬಿಸಿಲಿಗೆ ಬಂದಿದ್ರಾ?"

ಅಕ್ಕ ನನ್ನ ಕಡೆ ನೋಡಿದಳು. ನಾನು, "ಬಾಗಿಲಲ್ಲಿ, ಸ್ವಲ್ಪ ಹೊತ್ತು" ಎಂದೆ.

"ಸ್ವಲ್ಪ ಹೊತ್ತಿಗೆ ಇಷ್ಟಾಯ್ತಾ? ಮನೆಯಲ್ಲಿ ಬೆಳಕು ಇಟ್ಟಿದ್ರಿ ತಾನೆ?"

ನಾನು ಮತ್ತೆ ಗೋಡೆಯ ಕ್ಯಾಲೆಂಡರು ಓದಿದೆ. ಅವರಿಗೆ ಅರ್ಥವಾಗಿರಬೇಕು, ನಿಟ್ಟುಸಿರು ಬಿಟ್ಟರು. "ಇದಕ್ಕೇ ಸರ್ ನಾವು ಆ ಕಣಗಳ ಹಿಂದೆ ಬಿದ್ದಿರೋದು. ಔಷಧಿ ಹುಣ್ಣಿಗೆ ಮಾತ್ರ ಹೋಗೋ ಹಾಗಿದ್ದರೆ ಕೈ ಯಾಕೆ ಸುಡ್ತಿತ್ತು?"

ಆ ಕೆಂಪು ಬಾಟಲಿಯನ್ನು ನಾನು ಮರೆತಿಲ್ಲ. ಪತ್ರಿಕೆಯಲ್ಲಿ ನ್ಯಾನೋ ಕಣ ಎಂದು ಎಲ್ಲಿ ಕಂಡರೂ ನಿಂತು ಓದುತ್ತೇನೆ. ಇಲಿಯಿಂದ ಮನುಷ್ಯನವರೆಗೆ ಬರಲು ದಾರಿ ಇನ್ನೂ ಇದೆಯಂತೆ. ಗಂಟೊಂದನ್ನೇ ಗುರುತು ಹಿಡಿದು, ಉಳಿದ ಮೈಯನ್ನು ಅದರ ಪಾಡಿಗೆ ಬಿಡುವ ಆ ಕಣ ಬಂದರೆ ಎಷ್ಟೋ ಜನರ ಕೈ ಉಳಿಯುತ್ತದೆ. ಬಾಗಿಲಲ್ಲಿ ನಿಂತ ತಮ್ಮಂದಿರಿಗೆ ಅದು ಏನೂ ಮಾಡಲಾರದು.

ಅಂಗಡಿ ತೆಗೆದ ಮೊದಲ ವಾರವೇ ಅಕ್ಕ ಗಿರಾಕಿಗಳ ಮುಂದೆ, ಅವ್ವನ ಮುಂದೆ, ಇಡ್ಲಿ ತಟ್ಟೆಗೆ ಹಾಕುತ್ತಾ ಹಾಕುತ್ತಾ ಹೇಳಿಬಿಟ್ಟಳು. "ಸೀತಾಳೆನೂ ಅಲ್ಲ ಎಂತದೂ ಅಲ್ಲ. ಕ್ಯಾನ್ಸರ್ ಆಗಿತ್ತು ಕಣ್ರಪ್ಪ, ನಾಲ್ಗೇಲಿ. ಬೆಳ್ಕು ಬುಟ್ಟು ಸುಟ್ರು. ತಿನ್ನಿ, ಆರೋಯ್ತದೆ." ಯಾರೂ ತಟ್ಟೆ ಕೆಳಗಿಡಲಿಲ್ಲ. ಒಬ್ಬ ಚಟ್ನಿ ಕೇಳಿದ. ಅವ್ವ ಮಾತ್ರ, "ಇರ್ಲಿ, ಆ ಎಮ್ಮೆಗಾದ್ರೂ ಒಳ್ಳೇದಾಯ್ತು" ಎಂದಿತಂತೆ.

ಆ ತಿಂಗಳ ಕತೆ ಈಗಲೂ ಅಂಗಡಿಯಲ್ಲಿ ನಡೆಯುತ್ತದೆ. ರೇನ್‌ಕೋಟು, ಮಂಕಿ ಟೋಪಿ, ಟೀ ಅಂಗಡಿಯವನಿಗೆ ನಾನು "ಯಾರೂ ಇಲ್ಲ" ಎಂದದ್ದು, ಬಾಯಲ್ಲಿ ಮೊಳೆ ಕಚ್ಚಿಕೊಂಡು ತಲೆಯಾಡಿಸಿದ್ದು, ಎಲ್ಲವನ್ನೂ ಅಕ್ಕ ನನ್ನೆದುರಿಗೇ ಅಭಿನಯಿಸಿ ತೋರಿಸುತ್ತಾಳೆ. ಜನ ನಗುತ್ತಾರೆ, ನಾನೂ ನಗುತ್ತೇನೆ. ಕತೆ ಆ ಶುಕ್ರವಾರದ ಹೊಸಿಲಿನ ಹತ್ತಿರ ಬಂದಾಗ ಅವಳು ಅಲ್ಲಿಗೇ ನಿಲ್ಲಿಸಿ, ಯಾರದೋ ತಟ್ಟೆಯತ್ತ ತಿರುಗಿ, "ಸಾಂಬಾರ್ ಆಕ್ಲಾ?" ಎನ್ನುತ್ತಾಳೆ.

ಅವಳ ಎಡಗೈಯಲ್ಲಿ ಸುಟ್ಟ ಚರ್ಮ ಕಂದಾಗಿ ಉಳಿದಿದೆ. ನಡುವೆ ಬಳೆಗಳಿದ್ದ ಜಾಗದಲ್ಲಿ ಮಾತ್ರ, ಒಂದರ ಪಕ್ಕ ಒಂದು, ತೆಳ್ಳನೆಯ ಬಿಳಿ ಗೆರೆಗಳು.